ಗಾಜಿನೊಳಗಿನ ಗಾಯ

ಚೆನ್ನೈನ ಅಣ್ಣಾ ನಗರದಲ್ಲಿ ಕನ್ನಡಕ ಬಿಡಬೇಕೆಂದು ಕಣ್ಣಿನ ವೈದ್ಯರ ಬಳಿಗೆ ಹೋದವರ ಕಿವಿಗೆ ಇವತ್ತು ‘ಬ್ಲೇಡ್ ಇಲ್ಲದ ಲೇಸಿಕ್’ ಎಂಬ ಮಾತು ಬೀಳದೆ ಇರದು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ 0.1 ಮಿಲಿಮೀಟರಿನಷ್ಟು ಆಳದಲ್ಲಿ ಲೇಸರ್ ಬೆಳಕು ಸಾಲುಸಾಲಾಗಿ ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತದೆ. ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡಾಗ ಪದರ ಬಿಡುತ್ತದೆ. ಅಂಚನ್ನೂ ಬೆಳಕೇ ಕತ್ತರಿಸಿದ ಮೇಲೆ ವೈದ್ಯರು ಆ ಪದರವನ್ನು ಪುಸ್ತಕದ ಹಾಳೆಯಂತೆ ಮಗುಚುತ್ತಾರೆ. ಬೆಳಕು ಹೀಗೆ ಒಳಗಿನಿಂದ ಕತ್ತರಿಸಬಲ್ಲದು ಎಂಬುದನ್ನು ಕಣ್ಣಿಗಿಂತ ಮೊದಲು ತೋರಿಸಿಕೊಟ್ಟದ್ದು ಗಾಜು. ಅದೂ ಕೆಟ್ಟುಹೋದ ಗಾಜು.

1964ರಲ್ಲಿ, ಲೇಸರ್ ಹುಟ್ಟಿ ನಾಲ್ಕು ವರ್ಷವಾಗಿದ್ದಾಗ, ಅಮೆರಿಕದ ರೋಚೆಸ್ಟರಿನ ಮೈಕೆಲ್ ಹರ್ಚರ್ ಪ್ರಬಲವಾದ ಲೇಸರ್ ಮಿಡಿತಗಳನ್ನು ಗಾಜಿನೊಳಗೆ ಹಾಯಿಸಿದರು. ಗಾಜಿನಲ್ಲಿ ಕೂದಲೆಳೆಯಂಥ ಗಾಯದ ಗೆರೆಗಳು ಉಳಿದವು. ಬೆಳಕು ತೀರಾ ಪ್ರಬಲವಾದಾಗ ಅದು ಹಾಯುವ ಜಾಗದಲ್ಲಿ ಗಾಜೇ ಮಸೂರದಂತೆ ವರ್ತಿಸಿ ಬೆಳಕನ್ನು ಇನ್ನಷ್ಟು ಒತ್ತಾಗಿಸುತ್ತದೆ, ಕೊನೆಗೆ ತಾನೇ ಹಾಳಾಗುತ್ತದೆ. ಲೇಸರ್ ತಯಾರಿಸುವವರಿಗೆ ಇದು ದೊಡ್ಡ ಪೀಡೆ. ಬೆಳಕಿನ ಬಲ ಹೆಚ್ಚಿಸಹೊರಟರೆ ಬಲ ಹೆಚ್ಚಿಸುವ ಉಪಕರಣವೇ ಸುಡುತ್ತಿತ್ತು. ಇಪ್ಪತ್ತು ವರ್ಷ ಈ ಗೋಡೆ ಹಾಗೆಯೇ ನಿಂತಿತು.

ದಾಟುವ ದಾರಿ ಸಿಕ್ಕಿದ್ದೂ ಅದೇ ರೋಚೆಸ್ಟರಿನಲ್ಲಿ. 1985ರಲ್ಲಿ ಸಂಶೋಧನಾ ವಿದ್ಯಾರ್ಥಿನಿ ಡೊನಾ ಸ್ಟ್ರಿಕ್ಲೆಂಡ್ ಮತ್ತು ಅವರ ಮಾರ್ಗದರ್ಶಕ ಜೆರಾರ್ ಮೂರೂ ಬೆಳಕಿನ ಮಿಡಿತವನ್ನು 1.4 ಕಿಲೋಮೀಟರ್ ಉದ್ದದ ಆಪ್ಟಿಕಲ್ ಫೈಬರಿನಲ್ಲಿ ಹಾಯಿಸಿ ಹಿಗ್ಗಿಸಿದರು. ಹಿಗ್ಗಿ ಸಪ್ಪೆಯಾದ ಮಿಡಿತದ ಬಲ ಹೆಚ್ಚಿಸಿದರು, ಆಮೇಲೆ ಮತ್ತೆ ಕುಗ್ಗಿಸಿದರು. ಉಪಕರಣಕ್ಕೆ ಪೆಟ್ಟಿಲ್ಲ, ಬಲಕ್ಕೆ ಕೊರತೆಯಿಲ್ಲ. ಮೂರು ಪುಟದ ಆ ಪ್ರಬಂಧ ಸ್ಟ್ರಿಕ್ಲೆಂಡ್ ಅವರ ಮೊಟ್ಟಮೊದಲ ವೈಜ್ಞಾನಿಕ ಬರಹ. 2018ರಲ್ಲಿ ಇಬ್ಬರಿಗೂ ನೊಬೆಲ್ ಬಂದದ್ದು ಆ ಕೆಲಸಕ್ಕೇ.

ಇಂಥ ಮಿಡಿತಗಳನ್ನು ಅಳೆಯುವುದು ಫೆಮ್ಟೊಸೆಕೆಂಡಿನಲ್ಲಿ. ಸೆಕೆಂಡನ್ನು ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಹತ್ತು ಕೋಟಿ ಭಾಗ ಮಾಡಿದರೆ ಒಂದು ಫೆಮ್ಟೊಸೆಕೆಂಡ್. ನೂರು ಫೆಮ್ಟೊಸೆಕೆಂಡಿನಲ್ಲಿ ಬೆಳಕು ಸಾಗುವ ದೂರ 0.03 ಮಿಲಿಮೀಟರ್, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಮಸೂರದಿಂದ ಇದನ್ನು ಗಾಜಿನೊಳಗಿನ ಒಂದು ಬಿಂದುವಿಗೆ ಕೂಡಿಸಿದರೆ ದಾರಿಯಲ್ಲಿರುವ ಗಾಜು ಅದನ್ನು ಸುಮ್ಮನೆ ಬಿಟ್ಟುಕೊಡುತ್ತದೆ. ಬಿಂದುವಿನಲ್ಲಿ ಮಾತ್ರ ಬೆಳಕು ಎಷ್ಟು ಒತ್ತಾಗಿರುತ್ತದೆಂದರೆ ಒಂದೊಂದು ಎಲೆಕ್ಟ್ರಾನೂ ಹಲವು ಬೆಳಕಿನ ಕಣಗಳನ್ನು ಒಟ್ಟಿಗೇ ನುಂಗುತ್ತದೆ. ಬಿಸಿ ಅಕ್ಕಪಕ್ಕಕ್ಕೆ ಹರಿಯುವ ಮೊದಲೇ ಮಿಡಿತ ಮುಗಿದಿರುತ್ತದೆ.

ಮೂರೂ ಆಮೇಲೆ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1993ರಲ್ಲಿ ಅಲ್ಲಿನ ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯೊಬ್ಬರ ಕಣ್ಣಿಗೆ ಆಕಸ್ಮಿಕವಾಗಿ ಲೇಸರ್ ತಗುಲಿತು. ಪರೀಕ್ಷಿಸಿದ ಯುವ ವೈದ್ಯ ರಾನ್ ಕರ್ಟ್ಸ್ ಅವರಿಗೆ ಆ ಗಾಯವೇ ಅಚ್ಚರಿಯಾಯಿತು: ಅಂಚು ಇಷ್ಟು ಚೊಕ್ಕ, ಸುತ್ತ ಸುಟ್ಟ ಗುರುತೇ ಇಲ್ಲ. ಅವರು ಲೇಸರ್ ವಿಜ್ಞಾನಿ ಟಿಬೋರ್ ಯುಹಾಸ್ ಜೊತೆ ಸೇರಿ 1997ರಲ್ಲಿ ಇಂಟ್ರಾಲೇಸ್ ಕಂಪನಿ ಕಟ್ಟಿದರು. ಬ್ಲೇಡ್ ಇಲ್ಲದ ಲೇಸಿಕ್ ಹೊರಟದ್ದು ಅಲ್ಲಿಂದ. ಈ ಕಥೆ ಹೇಳುವವರು ಸಾಮಾನ್ಯವಾಗಿ ಅಪಘಾತದಿಂದ ಶುರುಮಾಡುತ್ತಾರೆ. ಮೂವತ್ತು ವರ್ಷ ಸುಟ್ಟುಕೊಂಡ ಗಾಜನ್ನು ಮರೆಯುವುದು ಅಷ್ಟು ನ್ಯಾಯವಲ್ಲ.

ಗಾಜಿನ ಕಡೆಯ ಕಥೆಗೆ ತಿರುವು ಬಂದದ್ದು 1996ರಲ್ಲಿ, ಜಪಾನಿನಿಂದ. ಕಝುಯುಕಿ ಹಿರಾವೊ ಅವರ ತಂಡ ಫೆಮ್ಟೊಸೆಕೆಂಡ್ ಲೇಸರಿನ ಬಿಂದುವನ್ನು ಗಾಜಿನೊಳಗೆ ನಿಧಾನವಾಗಿ ಎಳೆದು ಗೆರೆ ಬರೆಯಿತು. ಗೆರೆಯ ಜಾಗದಲ್ಲಿ ಗಾಜಿನ ವಕ್ರೀಭವನ ಗುಣ ಶಾಶ್ವತವಾಗಿ ಹೆಚ್ಚಿ, ಕೊಳವೆಯಲ್ಲಿ ನೀರು ಹರಿದಂತೆ ಅದರಲ್ಲಿ ಬೆಳಕು ಹರಿಯಿತು. ಪೀಡೆಯಾಗಿದ್ದ ಗಾಯ ಬರವಣಿಗೆಯಾಯಿತು.

ಈ ಬರವಣಿಗೆಯಲ್ಲಿ ಬೆಂಗಳೂರಿನದೂ ಒಂದು ಗೆರೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಅಶೋಕನ್ ಅವರ ಬಳಗ ಬಹುಕಾಲ ಕೆಲಸಮಾಡಿದ್ದು ಚಾಲ್ಕೊಜೆನೈಡ್ ಗಾಜಿನ ಮೇಲೆ. ಕಿಟಕಿಯ ಗಾಜಿನಂತೆ ಇದು ಮರಳಿನಿಂದ ಆಗುವುದಿಲ್ಲ. ಗಂಧಕ, ಜರ್ಮೇನಿಯಂ, ಗ್ಯಾಲಿಯಂ ಮುಂತಾದವುಗಳನ್ನು ಗಾಳಿ ತೆಗೆದು ಮುಚ್ಚಿದ ಕ್ವಾರ್ಟ್ಸ್ ಕೊಳವೆಯಲ್ಲಿ ಕರಗಿಸಿ, ಹರಳುಗಟ್ಟಲು ಬಿಡದೆ ತಟ್ಟನೆ ತಣಿಸಬೇಕು. ಸಾಮಾನ್ಯ ಗಾಜು ತಡೆಯುವ ಅವಕೆಂಪು ಬೆಳಕನ್ನೂ ಇದು ಬಿಟ್ಟುಕೊಡುತ್ತದೆ. ಇಂಥ ಗಾಜಿಗೆ ಎರ್ಬಿಯಂ ಬೆರೆಸಿ, ಅದರೊಳಗೆ ಲೇಸರಿನಿಂದ ದಾರಿ ಬರೆದು, ಬೆಳಕಿನ ಸಂಕೇತದ ಬಲ ಹೆಚ್ಚಿಸುವ ಸಾಧನ ಮಾಡಿದ ಪ್ರಬಂಧ 2012ರಲ್ಲಿ ಪ್ರಕಟವಾಯಿತು. ಸ್ಕಾಟ್ಲೆಂಡಿನ ಹೆರಿಯಟ್-ವಾಟ್ ವಿಶ್ವವಿದ್ಯಾಲಯದ ಅಜೊಯ್ ಕರ್ ಅವರ ಬಳಗದೊಂದಿಗೆ ನಡೆದ ಕೆಲಸವದು. ಫೋನು, ಇಂಟರ್ನೆಟ್ಟಿನ ಮಾತುಗಳನ್ನು ಫೈಬರ್ ಹೊತ್ತೊಯ್ಯುವುದು ಇದೇ ತರಂಗಾಂತರದಲ್ಲಿ. ಸಾಗುತ್ತಾ ಕುಂದುವ ಸಂಕೇತಕ್ಕೆ ಒಂದು ಗಾಜಿನ ಚೂರಿನೊಳಗೇ ಬಲ ತುಂಬುವುದು ಉದ್ದೇಶ.

ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಪೀಟರ್ ಕಜಾನ್ಸ್ಕಿ ಅವರ ತಂಡ ಇದೇ ಲೇಸರಿನಿಂದ ಗಾಜಿನಲ್ಲಿ ಮಾಹಿತಿ ಕೂಡಿಡಲು ಹೊರಟಿತು. ಲೇಸರ್ ಗಾಜಿನೊಳಗೆ ಮೂಡಿಸುವ ಅತಿಸೂಕ್ಷ್ಮ ಪಟ್ಟಿಗಳ ದಿಕ್ಕು ಬೆಳಕಿನ ಧ್ರುವೀಕರಣಕ್ಕೆ ತಕ್ಕಂತೆ ತಿರುಗುತ್ತದೆ. ಚುಕ್ಕೆಯ ಜಾಗದ ಜೊತೆಗೆ ಈ ದಿಕ್ಕನ್ನೂ ಅಕ್ಷರದಂತೆ ಬಳಸಿ 2013ರಲ್ಲಿ 300 ಕಿಲೋಬಿಟ್‌ಗಳ ಪಠ್ಯವೊಂದನ್ನು ಬರೆದರು. ಇದು ಕೋಟ್ಯಂತರ ವರ್ಷ ಉಳಿಯುತ್ತದೆ ಎನ್ನುವುದು ಗಾಜನ್ನು ಕಾಯಿಸಿ ನೋಡಿದ ಪ್ರಯೋಗದಿಂದ ಹಿಗ್ಗಿಸಿದ ಲೆಕ್ಕ. ಕೈಜಾರಿ ಬೀಳುವುದನ್ನು ಅದರಲ್ಲಿ ಸೇರಿಸಿಲ್ಲ. 2019ರಲ್ಲಿ ಮೈಕ್ರೋಸಾಫ್ಟ್ 1978ರ ‘ಸೂಪರ್‌ಮ್ಯಾನ್’ ಸಿನಿಮಾವನ್ನು 75 ಮಿಲಿಮೀಟರ್ ಚೌಕದ, 2 ಮಿಲಿಮೀಟರ್ ದಪ್ಪದ ಗಾಜಿನಲ್ಲಿ ಇಟ್ಟು ತೋರಿಸಿತು. ಹಲ್ಮಿಡಿಯ ಕಲ್ಲಿಗೆ ಕಣ್ಣೂ ಲಿಪಿಯ ಅರಿವೂ ಸಾಕು. ಈ ಗಾಜನ್ನು ಓದಲು ಸೂಕ್ಷ್ಮದರ್ಶಕವೂ ಸಂಕೇತ ಬಿಡಿಸುವ ತಂತ್ರಾಂಶವೂ ಬೇಕು. ಬರೆಯುವ ವೇಗವಂತೂ ಇನ್ನೂ ಮಾಮೂಲಿ ಹಾರ್ಡ್ ಡಿಸ್ಕನ್ನು ಮುಟ್ಟಿಲ್ಲ.