ಮನೆಯಲ್ಲೇ ಕುಳಿತು ಸಂಪಾದನೆ: ಸೂಜಿ, ಬೀಡಿ, ಮೊಬೈಲು

‘ಮನೆಯಲ್ಲೇ ಕುಳಿತು ತಿಂಗಳಿಗೆ ಸಾವಿರಾರು ರೂಪಾಯಿ ಗಳಿಸಿ’ ಎಂಬ ಚೀಟಿಗಳು ಒಂದು ಕಾಲದಲ್ಲಿ ಬಸ್ ನಿಲ್ದಾಣದ ಗೋಡೆಗಳ ಮೇಲೆ ಅಂಟಿಕೊಂಡಿರುತ್ತಿದ್ದವು. ಈಗ ಅದೇ ಮಾತು ನೇರವಾಗಿ ಅಂಗೈಯಲ್ಲಿರುವ ಮೊಬೈಲಿಗೆ ಬಂದು ಬೀಳುತ್ತದೆ. ನಂಬಿ ಹಣ ಕಳೆದುಕೊಂಡವರು ಕಣ್ಣೆದುರಿಗೇ ಇರುವುದರಿಂದ ಇಂಥ ಸಂಪಾದನೆಯೆಲ್ಲ ಬರೀ ಬೊಗಳೆ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಆದರೆ ಮನೆಯ ಜಗಲಿಯಲ್ಲೇ ದುಡಿದು ಕೂಲಿ ಪಡೆಯುವ ಪದ್ಧತಿಯನ್ನು ಕರ್ನಾಟಕಕ್ಕೆ ತಂದುಕೊಟ್ಟದ್ದು ಇಂಟರ್‌ನೆಟ್ ಅಲ್ಲ. ಅದು ಹಳೆಯದು. ಅಸಲಿ ಕೆಲಸ ಯಾವುದು, ನಕಲಿ ಯಾವುದು ಎಂದು ಉಜ್ಜಿ ನೋಡುವ ಒರೆಗಲ್ಲೂ ಆ ಹಳೆಯ ಕಥೆಯಲ್ಲೇ ಸಿಗುತ್ತದೆ.

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕು ಹೊರಗಿನವರಿಗೆ ಗೊತ್ತಿರುವುದು ಅದಿರಿನಿಂದ. ಹೊಸಪೇಟೆಯಿಂದ ಯಶವಂತನಗರದ ಮೂಲಕ ಸ್ವಾಮಿಹಳ್ಳಿಗೆ ಹೋಗುವ ರೈಲು ಹಳಿಯ ಮುಖ್ಯ ಸರಕೂ ಅದೇ. ಘೋರ್ಪಡೆ ಮನೆತನ ಆಳಿದ ಈ ಪುಟ್ಟ ಸಂಸ್ಥಾನ 1949ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಗಿ, 1953ರಲ್ಲಿ ಬಳ್ಳಾರಿಯ ಜೊತೆಗೆ ಮೈಸೂರು ರಾಜ್ಯಕ್ಕೆ ಸೇರಿತು. ಗಣಿ ಇರುವಲ್ಲಿ ಕೂಲಿ ಇದೆ. ಆದರೆ ಆ ಕೂಲಿ ಗಣಿಯ ಬಾಗಿಲು ತೆರೆದಿರುವಷ್ಟು ದಿನ ಮಾತ್ರ. 2011ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಇದು ಎಲ್ಲರ ಅರಿವಿಗೂ ಬಂತು. ಅದಿರಿನ ಈ ಏರಿಳಿತದ ಪಕ್ಕದಲ್ಲೇ, ತಾಂಡಾಗಳ ಮನೆಯಂಗಳದಲ್ಲಿ, ಸದ್ದಿಲ್ಲದ ಇನ್ನೊಂದು ದುಡಿಮೆ ಬೆಳೆದುಬಂದಿದೆ. ಅದು ಲಂಬಾಣಿ ಹೆಣ್ಣುಮಕ್ಕಳ ಸೂಜಿಯ ಕೆಲಸ.

ಲಂಬಾಣಿಗರು ಎತ್ತಿನ ಹೇರಿನ ಮೇಲೆ ಧಾನ್ಯ, ಉಪ್ಪು ಸಾಗಿಸುತ್ತ ದೇಶವನ್ನೇ ಅಳೆದವರು. ಲವಣ ಎಂಬ ಮಾತಿನಿಂದಲೇ ಅವರ ಹೆಸರು ಬಂತೆಂಬ ವಾದವೂ ಉಂಟು. 19ನೇ ಶತಮಾನದಲ್ಲಿ ರೈಲು, ಹೆದ್ದಾರಿಗಳು ಬಂದವು; ಎತ್ತಿನ ಹೇರು ಕೆಲಸ ಕಳೆದುಕೊಂಡಿತು. ಸಾಲದ್ದಕ್ಕೆ 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಂಥ ಅಲೆಮಾರಿ ಜನರನ್ನು ಹುಟ್ಟಿನಿಂದಲೇ ಕಳ್ಳರೆಂದು ಕಾಣುವ ದಾರಿ ತೆರೆಯಿತು. ದುಡಿಮೆ ಹೋಯಿತು, ಹೆಸರೂ ಕೆಟ್ಟಿತು. ಆದರೆ ಹೆಂಗಸರ ಉಡುಪು ಮಾತ್ರ ಉಳಿದುಕೊಂಡಿತು. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆ, ಅವುಗಳ ಮೇಲೆ ಕನ್ನಡಿ ಚೂರು, ಕವಡೆ, ನಾಣ್ಯ. ಕಿಲನ್, ಮಾಕಿ, ರೇಲೋ, ನಾಕ್ರಾ ಮುಂತಾಗಿ 14 ಬಗೆಯ ಹೊಲಿಗೆಗಳನ್ನು ಈ ಕಲೆಯಲ್ಲಿ ಗುರುತಿಸಲಾಗಿದೆ. (ಹೆಸರಿನಲ್ಲಿ ಕಸೂತಿ ಇದ್ದರೂ ಧಾರವಾಡದ ಕಸೂತಿಗೂ ಇದಕ್ಕೂ ನೆಂಟಸ್ತಿಕೆ ಹುಡುಕಬೇಕಿಲ್ಲ, ಅದರ ಮನೆತನವೇ ಬೇರೆ.)

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಈ ಹೊಲಿಗೆ ಮೂಲತಃ ಮಾರಾಟಕ್ಕಲ್ಲ. ಹೆಣ್ಣು ತನಗಾಗಿ, ತನ್ನ ಮಗಳ ಮದುವೆಗಾಗಿ ಹೊಲಿಯುತ್ತಿದ್ದಳು. ತಿಂಗಳುಗಟ್ಟಲೆ ಹೊಲಿದರೂ ಅದಕ್ಕೆ ಬೆಲೆಯೆಂಬುದು ಇರಲಿಲ್ಲ. ಹಳೆಯ ಲಂಗವನ್ನು ಊರೂರು ಸುತ್ತುವ ವ್ಯಾಪಾರಿ ಪುಡಿಗಾಸಿಗೆ ಕೊಂಡೊಯ್ದು ಪಟ್ಟಣದ ಅಂಗಡಿಯಲ್ಲಿ ‘ಪುರಾತನ ವಸ್ತು’ ಎಂದು ಮಾರಿದರೆ ಲಾಭ ಅವನದೇ. ಹೊಲಿದ ಗಂಟೆಗಳನ್ನು ಲೆಕ್ಕ ಹಾಕಿದವರಿಲ್ಲ.

ಆ ಲೆಕ್ಕ ಶುರುವಾದದ್ದು 1980ರ ದಶಕದಲ್ಲಿ. ಸಂಡೂರು ಕುಶಲ ಕಲಾ ಕೇಂದ್ರ 1988ರಲ್ಲಿ ನೋಂದಾಯಿತ ಸಂಘವಾಯಿತು. ಇದರ ಬೆನ್ನಿಗೆ ಸ್ಥಳೀಯ ಗಣಿ ಕಂಪನಿಯ ಬೆಂಬಲವಿತ್ತೆಂಬುದು ಸ್ವಾರಸ್ಯದ ವಿಷಯ. ಬಟ್ಟೆ, ದಾರ ಕೇಂದ್ರದ್ದು, ಹೊಲಿಗೆ ಹೆಂಗಸರದು, ಕೂಲಿ ಮುಗಿದ ತುಣುಕಿಗೆ. ಲಂಗ ಉಡುವವರು ಕಡಿಮೆಯಾದಂತೆ ಅದೇ ಹೊಲಿಗೆ ಚೀಲ, ದಿಂಬಿನ ಚೀಲ, ಗೋಡೆಯ ತೂಗುಬಟ್ಟೆಗಳ ಮೇಲೆ ಮೂಡಿತು. 2004ರಲ್ಲಿ ಒಮ್ಮೆ, 2012ರಲ್ಲಿ ಮತ್ತೊಮ್ಮೆ ಯುನೆಸ್ಕೋದ ಶ್ರೇಷ್ಠತಾ ಮುದ್ರೆ ಈ ಕೇಂದ್ರಕ್ಕೆ ಸಿಕ್ಕಿತು. 2010ರಲ್ಲಿ ‘ಸಂಡೂರು ಲಂಬಾಣಿ ಕಸೂತಿ’ಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಂಗಸರು ತಯಾರಿಸಿದ 1755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೂ ಸೇರಿತು. ದಾಖಲೆ, ಮುದ್ರೆಗಳಿಂದ ಹೊಟ್ಟೆ ತುಂಬುವುದಿಲ್ಲ, ನಿಜ. ಆದರೆ ಕೊಳ್ಳುವವನಿಗೆ ಹೊಲಿದವಳ ಊರು ತಿಳಿದಾಗ ಬೆಲೆ ಕೇಳುವ ಧೈರ್ಯ ಬರುತ್ತದೆ. ಭೌಗೋಳಿಕ ಗುರುತಿನ ನಿಜವಾದ ಉಪಯೋಗ ಇಷ್ಟೇ.

ಮನೆಗೆಲಸದ ಕೂಲಿಯ ವಿಚಾರದಲ್ಲಿ ಸಂಡೂರಿಗಿಂತ ಮೊದಲೇ, ಇದಕ್ಕಿಂತ ಎಷ್ಟೋ ದೊಡ್ಡ ಪ್ರಮಾಣದಲ್ಲಿ, ಜಗಳ ನಡೆದದ್ದು ಕರಾವಳಿಯಲ್ಲಿ. ದಕ್ಷಿಣ ಕನ್ನಡದ ಹೆಂಗಸರು ಎಲೆ, ತಂಬಾಕನ್ನು ಮನೆಗೆ ಒಯ್ದು ಬೀಡಿ ಕಟ್ಟಿ ತಂದುಕೊಡುತ್ತಿದ್ದರು. ನಡುವೆ ಗುತ್ತಿಗೆದಾರ. ಕಟ್ಟಿ ತಂದ ಬೀಡಿಯಲ್ಲಿ ಒಂದಷ್ಟನ್ನು ‘ಸರಿಯಿಲ್ಲ’ ಎಂದು ಪಕ್ಕಕ್ಕೆ ತಳ್ಳಿದರೆ ಅಷ್ಟರ ಕೂಲಿ ಖೋತಾ. ಇವಳು ನಮ್ಮ ಕಾರ್ಮಿಕಳೇ ಅಲ್ಲ, ತನ್ನ ಮನೆಯಲ್ಲಿ ತನಗೆ ತೋಚಿದಾಗ ದುಡಿಯುವವಳು ಎಂಬುದು ಮಾಲೀಕರ ವಾದ. 1966ರಲ್ಲಿ ಸಂಸತ್ತು ತಂದ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದೇ ಕರೆಯಿತು. ಕೊಟ್ಟ ಎಲೆ-ತಂಬಾಕು ಎಷ್ಟು, ತಿರಸ್ಕರಿಸಿದ ಬೀಡಿ ಎಷ್ಟು, ಅದಕ್ಕೆ ಕೂಲಿ ಉಂಟೇ ಇಲ್ಲವೇ ಎಂಬ ತಕರಾರುಗಳನ್ನು ಅಧಿಕಾರಿಯ ಮುಂದೆ ಒಯ್ಯಲು ಅದರ 39ನೇ ಕಲಮು ಅವಕಾಶ ಕೊಟ್ಟಿತು. ಮಾಲೀಕರು ಕೋರ್ಟಿಗೆ ಹೋದರು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಹೆಸರಿನ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯೆಂಬುದು ದುಡಿಮೆಯ ಸ್ಥಳವೂ ಆಗಬಲ್ಲದು ಎಂಬುದಕ್ಕೆ ಹೀಗೆ ಕಾನೂನಿನ ಮುದ್ರೆ ಬಿತ್ತು.

ಸೂಜಿಗೂ ಬೀಡಿಗೂ ಸಾಮಾನ್ಯವಾದ ಗುಣವೊಂದಿದೆ. ಸಾಮಗ್ರಿ ಹೊರಗಿನಿಂದ ಮನೆಗೆ ಬರುತ್ತದೆ, ಸಿದ್ಧವಸ್ತು ಮನೆಯಿಂದ ಹೊರಗೆ ಹೋಗುತ್ತದೆ, ಅದರ ಬೆನ್ನಿಗೆ ಹಣ ಒಳಗೆ ಬರುತ್ತದೆ. ಕೂಲಿ ಕಡಿಮೆಯಿರಬಹುದು, ಗುತ್ತಿಗೆದಾರ ಮೋಸಗಾರನಿರಬಹುದು. ಆದರೂ ಹಣದ ದಿಕ್ಕು ತಪ್ಪುವುದಿಲ್ಲ. ದುಡಿಯುವವರೇ ಮೊದಲು ಹಣ ಕೊಡಬೇಕು ಎಂದಾಕ್ಷಣ ದಿಕ್ಕು ತಿರುಗಿತು ಎಂದೇ ಅರ್ಥ. ಆಗ ಕೆಲಸವೆಂಬುದು ನೆಪ, ಕೊಟ್ಟ ಹಣವೇ ಸರಕು.

ಇಂಟರ್‌ನೆಟ್ ಬಂದ ಮೇಲೆ ಈ ತಿರುವು ದೊಡ್ಡದಾಗಿ ಕಂಡದ್ದು ಸ್ಪೀಕ್ ಏಷ್ಯಾ ಎಂಬ ಕಂಪನಿಯ ಪ್ರಕರಣದಲ್ಲಿ. 2010-11ರಲ್ಲಿ ಅದು 11,000 ರೂಪಾಯಿ ಚಂದಾ ಕಟ್ಟಿದವರಿಗೆ ಆನ್‌ಲೈನ್ ಸಮೀಕ್ಷೆಯ ನಮೂನೆ ತುಂಬುವ ಕೆಲಸ ಕೊಟ್ಟಿತು. ವಾರಕ್ಕೆ ಎರಡು ನಮೂನೆ, ಒಂದಕ್ಕೆ 500 ರೂಪಾಯಿ. ಹೊಸ ಸದಸ್ಯರನ್ನು ತಂದರೆ ಮತ್ತಷ್ಟು. ನಾಲ್ಕು ಪ್ರಶ್ನೆಗೆ ಉತ್ತರ ಬರೆದರೆ ಇಷ್ಟು ಹಣ ಕೊಡುವ ಗ್ರಾಹಕ ಯಾರೆಂದು ಕೇಳಿದವರು ಕಡಿಮೆ. 2011ರಲ್ಲಿ ಪಾವತಿ ನಿಂತಿತು, ಪೊಲೀಸ್ ಪ್ರಕರಣಗಳು ದಾಖಲಾದವು. ಇಂಥ ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ 1978ರಿಂದಲೇ ಇತ್ತು ಎಂಬುದು ಬೇರೆ ಮಾತು.

ಈಗಿನ ವೇಷ ಇನ್ನಷ್ಟು ನಾಜೂಕಿನದು. ವೀಡಿಯೊ ಒಂದಕ್ಕೆ ಮೆಚ್ಚುಗೆ ಒತ್ತಿದರೆ ಮೊದಲ ದಿನ ನೂರಿನ್ನೂರು ರೂಪಾಯಿ ನಿಜವಾಗಿಯೂ ಖಾತೆಗೆ ಬರುತ್ತದೆ. ನಂಬಿಕೆ ಬೇರೂರಿದ ಮೇಲೆ ದೊಡ್ಡ ಕೆಲಸಕ್ಕೆ ಮುಂಗಡ ಕೇಳುತ್ತಾರೆ. ಇನ್ನು ಕೆಲವರು ಅಕ್ಷರ ಜೋಡಣೆಯ ಕೆಲಸ ಕೊಟ್ಟು, ತಪ್ಪುಗಳು ಹೆಚ್ಚಾದವು, ಕರಾರು ಮುರಿದಿರಿ ಎಂದು ವಕೀಲರ ನೋಟಿಸಿನ ಹೆದರಿಕೆ ಹಾಕಿ ವಸೂಲಿಗೆ ಇಳಿಯುತ್ತಾರೆ. ಬ್ಯಾಂಕ್ ಖಾತೆಯನ್ನೇ ಬಾಡಿಗೆಗೆ ಕೊಡಿ ಎನ್ನುವವರಂತೂ ಅತ್ಯಂತ ಅಪಾಯಕಾರಿಗಳು. ಅಲ್ಲಿ ಹಣ ಕಳೆದುಕೊಂಡವನ ದೂರಿನಲ್ಲಿ ಖಾತೆ ಕೊಟ್ಟವರ ಹೆಸರೇ ಆರೋಪಿಯದಾಗುತ್ತದೆ. ಹಣ ಹೋದ ಗಳಿಗೆಯಲ್ಲೇ 1930 ಸಂಖ್ಯೆಗೆ ಕರೆ ಮಾಡಿದರೆ ಅದು ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಹೆಚ್ಚು.

ಹಾಗಾದರೆ ಕಂಪ್ಯೂಟರಿನ ಅಸಲಿ ಕೆಲಸ ಹಳ್ಳಿಗೆ ಬಂದೇ ಇಲ್ಲವೆ? ಬಂದಿದೆ. ಸಂಡೂರು ತಾಲ್ಲೂಕಿನದೇ ಆದ ತೋರಣಗಲ್ಲಿನಲ್ಲಿ, ಉಕ್ಕಿನ ಕಾರ್ಖಾನೆಯ ಆಸರೆಯಲ್ಲಿ, 2000ರ ದಶಕದಲ್ಲಿ ಸುತ್ತಲಿನ ಊರುಗಳ ಹೆಣ್ಣುಮಕ್ಕಳಿಗಾಗಿ ಗ್ರಾಮೀಣ ಬಿಪಿಒ ತೆರೆದಿತ್ತು. ಹೊರದೇಶದ ದಾಖಲೆಗಳ ವಿವರ ತುಂಬುವ ಕೆಲಸ ಅದು. ಆದರೆ ಅದು ಕಚೇರಿ. ದಿನವೂ ಮನೆಬಿಟ್ಟು ಹೋಗಿಬರಬೇಕಿತ್ತು. ಕೆಲಸ ಮನೆಯೊಳಕ್ಕೇ ಬಂದದ್ದು ಅಗ್ಗದ ಸ್ಮಾರ್ಟ್‌ಫೋನಿನ ಜೊತೆಗೆ.

ಇದಕ್ಕೆ ಕನ್ನಡವೇ ಬಂಡವಾಳವಾದ ಉದಾಹರಣೆ ಚಾಮರಾಜನಗರ ಜಿಲ್ಲೆಯಲ್ಲಿದೆ. ಬೆಂಗಳೂರಿನ ಕಾರ್ಯ ಎಂಬ ಲಾಭರಹಿತ ಸಂಸ್ಥೆ 2021ರಲ್ಲಿ ಮೈಕ್ರೋಸಾಫ್ಟಿನ ಸಂಶೋಧನಾ ವಿಭಾಗದಿಂದ ಹೊರಬಂದು ಸ್ವತಂತ್ರವಾಯಿತು. ಹಳ್ಳಿಯವರು ಮೊಬೈಲಿನಲ್ಲಿ ಮೂಡುವ ಕನ್ನಡ ವಾಕ್ಯಗಳನ್ನು ತಮ್ಮ ದನಿಯಲ್ಲಿ ಓದಿ ಮುದ್ರಿಸಿದರು. ಯಂತ್ರಗಳಿಗೆ ಕನ್ನಡದ ಮಾತು ಕಲಿಸಲು ಇಂಥ ದನಿ ಬೇಕು. ಇದಕ್ಕೆ ಸಂಸ್ಥೆ ಗೊತ್ತುಮಾಡಿದ ಕನಿಷ್ಠ ದರ ಗಂಟೆಗೆ ಸುಮಾರು 5 ಡಾಲರ್. ಸೇರಲು ಶುಲ್ಕವಿಲ್ಲ. ಗ್ರಂಥದ ಕನ್ನಡವಲ್ಲ, ಆಯಾ ಸೀಮೆಯ ಆಡುಮಾತೇ ಇಲ್ಲಿ ಬೆಲೆಯುಳ್ಳದ್ದು. ಆದರೆ ಇದು ವರ್ಷವಿಡೀ ಸಿಗುವ ಉದ್ಯೋಗವಲ್ಲ. ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಇದನ್ನು ಮರೆಮಾಚಿ ‘ಖಾಯಂ ಆದಾಯ’ ಎಂದು ಬಣ್ಣಿಸುವವರನ್ನು ನಂಬಬಾರದು.

ಸೂಜಿಯ ಕೆಲಸಕ್ಕೂ ಮೊಬೈಲ್ ಮಾರುಕಟ್ಟೆ ತೆರೆದಿದೆ. ಅಲ್ಲಿ ಅಡ್ಡ ಬರುತ್ತಿದ್ದುದು ತೆರಿಗೆಯ ನೋಂದಣಿ. ಆನ್‌ಲೈನ್ ಮಳಿಗೆಗಳ ಮೂಲಕ ಮಾರುವವರು ವಹಿವಾಟು ಎಷ್ಟೇ ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕಿತ್ತು. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗೇ ಮಾರುವ ಸಣ್ಣವರಿಗೆ ವಿನಾಯಿತಿ ಸಿಕ್ಕಿತು. ಯಶವಂತನಗರದ ಹೆಣ್ಣುಮಗಳು ತಾನು ಹೊಲಿದ ಚೀಲವನ್ನು ಇಂಥ ಮಳಿಗೆಯ ಮೂಲಕ ಬೆಂಗಳೂರಿಗೆ ನೋಂದಣಿಯಿಲ್ಲದೆ ಕಳಿಸಬಹುದು. ಹೈದರಾಬಾದಿಗೆ ಕಳಿಸಬೇಕಾದರೆ ನೋಂದಣಿ ಬೇಕು. ಕೂಗಳತೆಯಲ್ಲಿ ಆಂಧ್ರದ ಗಡಿಯಿರುವ ಬಳ್ಳಾರಿ ಸೀಮೆಗೆ ಇದು ಸಣ್ಣ ತೊಡಕಲ್ಲ.

ಕೂಲಿಯ ತಕರಾರಿನಲ್ಲಿ ಮಾತ್ರ ಬೀಡಿಯ ಕಾಲದ ಪ್ರಶ್ನೆಯೇ ಮರಳಿ ಬಂದಿದೆ. ಅಮೆರಿಕದ ಅಮೆಜಾನ್ 2005ರಲ್ಲಿ ಆರಂಭಿಸಿದ ಮೆಕ್ಯಾನಿಕಲ್ ಟರ್ಕ್ ಎಂಬ ಬಿಡಿಗೆಲಸದ ತಾಣದಲ್ಲಿ, ಮಾಡಿಕೊಟ್ಟ ಕೆಲಸವನ್ನು ತಿರಸ್ಕರಿಸಿ ಹಣ ಕೊಡದಿರುವ ಅಧಿಕಾರ ಕೆಲಸ ಕೊಟ್ಟವನಿಗಿದೆ. ಪಕ್ಕಕ್ಕೆ ತಳ್ಳಿದ ಬೀಡಿ ಇಲ್ಲಿ ಕಣ್ಣಿಗೂ ಕಾಣುವುದಿಲ್ಲ. ಮನೆದುಡಿಮೆಗೆ ರಕ್ಷಣೆ ಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಒಡಂಬಡಿಕೆ ಮಾಡಿತು. ಭಾರತ ಅದನ್ನು ಅನುಮೋದಿಸಿಲ್ಲ. 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾಯ್ದೆ, ಕಾರಣ ಹೇಳದೆ, 14 ದಿನಗಳ ಮುನ್ಸೂಚನೆಯಿಲ್ಲದೆ ಕೆಲಸದಿಂದ ತೆಗೆಯಬಾರದು ಎನ್ನುತ್ತದೆ. ಅದೇ ವರ್ಷದ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ, ಮಾಲೀಕನಿಗಾಗಿ ತನ್ನ ಮನೆಯಲ್ಲಿ ದುಡಿಯುವವರನ್ನು, ಸಾಮಗ್ರಿ ಯಾರೇ ಕೊಟ್ಟಿರಲಿ, ಮನೆ ಆಧಾರಿತ ಕಾರ್ಮಿಕರೆಂದು ಕರೆದಿದೆ. ಆ ಸಂಹಿತೆಯ ಕಣ್ಣಿನಲ್ಲಿ ಬೆಳಿಗ್ಗೆ ಕೇಂದ್ರಕ್ಕಾಗಿ ಕನ್ನಡಿ ಚೂರು ಕೂರಿಸುವವಳು ಮನೆ ಆಧಾರಿತ ಕಾರ್ಮಿಕಳು; ಮಧ್ಯಾಹ್ನ ತನ್ನದೇ ಚೀಲ ಹೊಲಿದು ಮಾರಿದರೆ ಸ್ವಯಂ ಉದ್ಯೋಗಿ; ರಾತ್ರಿ ಮೊಬೈಲಿನ ವೇದಿಕೆಯೊಂದಕ್ಕೆ ವಾಕ್ಯ ಓದಿ ಮುದ್ರಿಸಿದರೆ ವೇದಿಕೆ ಕಾರ್ಮಿಕಳು. ಜಗಲಿ ಒಂದೇ, ನೋಂದಾಯಿಸಬೇಕಾದ ಹೆಸರು ಮೂರು.