ಸೇವುಣರ ನಾಡಿನಲ್ಲೊಂದು ಸಾಹಸಕ್ರೀಡೆ

ನಾಸಿಕದಿಂದ ದೇವಗಿರಿಯವರೆಗೆ ಗೋದಾವರಿಯ ಉತ್ತರಕ್ಕೆ ಹಬ್ಬಿದ ಕರಿನೆಲದ, ಕಡಿದಾದ ಬೆಟ್ಟಗಳ ಪ್ರದೇಶವನ್ನು ಒಂದು ಕಾಲಕ್ಕೆ ಸೇವುಣದೇಶವೆಂದು ಕರೆಯುತ್ತಿದ್ದರು. ಕವಿರಾಜಮಾರ್ಗವು ಕನ್ನಡನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಯೆಂದೇ ಎಣಿಸಿದ ಕಾಲಕ್ಕೆ ಈ ಸೀಮೆಯು ರಾಷ್ಟ್ರಕೂಟರ ಆಳ್ವಿಕೆಗೆ ಸೇರಿತ್ತು. ಮೊದಲು ಅವರಿಗೂ ಆಮೇಲೆ ಕಲ್ಯಾಣದ ಚಾಲುಕ್ಯರಿಗೂ ಸಾಮಂತರಾಗಿ ನಡೆದು, ಕೊನೆಗೆ ಸ್ವತಂತ್ರರಾದ ಸೇವುಣರು ಧಾಡಿಯಪ್ಪ, ವದ್ದಿಗ, ರಾಜುಗಿ, ವೇಸುಗಿ ಎಂಬ ಹೆಸರುಗಳನ್ನು ಹೊತ್ತವರು, ನೂರಾರು ಕನ್ನಡ ಶಾಸನಗಳನ್ನು ಬರೆಯಿಸಿದವರು, ನಾಣ್ಯಗಳ ಮೇಲೂ ಕನ್ನಡ ಲಿಪಿಯನ್ನು ಟಂಕಿಸಿದವರು. ಇಷ್ಟು ಹತ್ತಿರದ ನಾಡನ್ನು ನಾವು ಇಂದು ಎಲ್ಲೋರದ ಪ್ರವಾಸಕ್ಕೆ ಹೋದಾಗ ಮಾತ್ರ ನೆನೆಯುತ್ತೇವೆಂಬುದು ನನಗೆ ನಿಜವಾಗಿಯೂ ವ್ಯಥೆಯ ಸಂಗತಿ.

ಅದನ್ನು ಮತ್ತೆ ನೆನೆಯುವುದಕ್ಕೆ ಒಂದು ಹೊಸ ದಾರಿ ಈಚೆಗೆ ತೆರೆದಿದೆ. ಸೂತ್ರಧಾರನೊಬ್ಬನು ಸನ್ನಿವೇಶವನ್ನು ವರ್ಣಿಸುತ್ತ ಹೋಗಲು, ಸುತ್ತ ಕುಳಿತವರು ಯೋಧನೋ ವೈದ್ಯನೋ ಮಂತ್ರವಾದಿಯೋ ಆಗಿ ಉತ್ತರ ಹೇಳಿ, ಸಂದಿಗ್ಧ ಬಂದಲ್ಲಿ ದಾಳವನ್ನು ಉರುಳಿಸಿ ಫಲವನ್ನು ನಿರ್ಣಯಿಸಿಕೊಳ್ಳುವ ಕಥಾಕ್ರೀಡೆ, 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದಿಂದ ಲೋಕಪ್ರಸಿದ್ಧವಾಗಿ, ಈಗ ನಮ್ಮ ನಗರಗಳ ತರುಣರ ಮನೆಗಳಿಗೂ ಬಂದಿದೆ. ಅದರ ಕೋಟೆಗಳೂ ನೆಲಮಾಳಿಗೆಗಳೂ ಯೂರೋಪಿನ ಮಧ್ಯಯುಗದ ಛಾಯೆಯವು. ಆದರೆ ಅಂತಹ ಸಾಹಸವೊಂದನ್ನು ಸೇವುಣದೇಶದ ಇತಿಹಾಸದಿಂದಲೂ ಜನಪದದ ನೆನಪಿನಿಂದಲೂ ಹೆಣೆಯಹೊರಟವನಿಗೆ ಕಲ್ಪಿಸಿಕೊಳ್ಳಬೇಕಾದ ಕಷ್ಟ ಬಹಳ ಕಡಮೆ. ಏನನ್ನು ಬಿಡಬೇಕೆಂಬುದೇ ಅವನ ಕಷ್ಟ.

ಸೇವುಣವಂಶದ ಮೂಲವನ್ನೇ ನೋಡಿರಿ. ಹದಿನಾಲ್ಕನೆಯ ಶತಮಾನದ ಜೈನಾಚಾರ್ಯ ಜಿನಪ್ರಭಸೂರಿಯು ತನ್ನ ವಿವಿಧತೀರ್ಥಕಲ್ಪದಲ್ಲಿ ನಾಸಿಕದ ಕ್ಷೇತ್ರಮಹಿಮೆಯನ್ನು ಹೇಳುವಾಗ, ದ್ವಾರಾವತಿಯು ಉರಿದುಹೋದ ದಿನ ಗರ್ಭಿಣಿಯಾದ ಯಾದವ ಸ್ತ್ರೀಯೊಬ್ಬಳು ಚಂದ್ರಪ್ರಭ ತೀರ್ಥಂಕರನಿಗೆ ಶರಣು ಹೊಕ್ಕು ಉಳಿದಳೆಂದೂ, ಅವಳ ಮಗನೇ ದೃಢಪ್ರಹಾರನೆಂದೂ, ಗೋವುಗಳನ್ನು ಅಟ್ಟಿಕೊಂಡು ಹೋದ ಕಳ್ಳರನ್ನು ಆತನೊಬ್ಬನೇ ಬೆನ್ನಟ್ಟಿ ಗೆದ್ದುದರಿಂದ ಊರವರು ಆತನಿಗೆ ಊರಕಾವಲಿನ ತಳಾರಪದವಿಯನ್ನು ಕೊಟ್ಟರೆಂದೂ ಬರೆಯುತ್ತಾನೆ. ಪುರಾಣದ ಅಗ್ನಿಯಲ್ಲಿ ಆರಂಭವಾಗಿ ತುರುಗೋಳಿನ ಕಾಳಗದಲ್ಲಿ ನೆಲಕ್ಕಿಳಿಯುವ ಈ ಕಥೆಯಲ್ಲಿ ಚರಿತ್ರೆಯ ತಿರುಳು ಯಾವುದೆಂದು ತಿಳಿಯುವುದು ಕಷ್ಟವಲ್ಲ: ನಮ್ಮ ಊರೂರಿನ ವೀರಗಲ್ಲುಗಳು ಹೇಳುವ ಹಾಗೆ, ದನಗಳನ್ನು ಕಾಯಬಲ್ಲವನೇ ಆ ಕಾಲಕ್ಕೆ ನಾಡನ್ನೂ ಕಾಯಬಲ್ಲವನಾಗಿ ತೋರುತ್ತಿದ್ದನು. ಆಟದ ಮೊದಲ ಸಂಜೆಗೆ ಇದಕ್ಕಿಂತ ಒಳ್ಳೆಯ ಪ್ರಕರಣವು ಬೇಕಿಲ್ಲ.

ಎಲ್ಲೋರದ ಕೈಲಾಸದ ವಿಷಯದಲ್ಲಿ ಜನಪದವು ಇನ್ನೂ ಸೂಕ್ಷ್ಮವಾಗಿ ನಡೆದುಕೊಂಡಿದೆ. ರಾಷ್ಟ್ರಕೂಟ ಒಂದನೆಯ ಕೃಷ್ಣನು ಎಂಟನೆಯ ಶತಮಾನದಲ್ಲಿ ಮಾಡಿಸಿದ ಈ ದೇವಾಲಯವನ್ನು ಕಂಡು ವಿಮಾನಚಾರಿಗಳಾದ ದೇವತೆಗಳೂ ಬೆರಗಾದರೆಂದೂ, ಕಟ್ಟಿದ ಶಿಲ್ಪಿಗೇ ತಾನು ಇದನ್ನು ಹೇಗೆ ಸಾಧಿಸಿದೆನೆಂದು ವಿಸ್ಮಯವಾಯಿತೆಂದೂ ಅದೇ ವಂಶದ ಗುಜರಾತ ಶಾಖೆಯ ಕರ್ಕನ ಬರೋಡಾ ತಾಮ್ರಪಟಗಳು ಹೇಳುತ್ತವೆ. ಮರಾಠಿಯ ಕಥಾಕಲ್ಪತರುವಿನಲ್ಲಿ ಇದೇ ವಿಸ್ಮಯವು ಬೇರೊಂದು ರೂಪ ತಾಳಿತು: ಗಂಡನ ವ್ಯಾಧಿಯು ವಾಸಿಯಾದರೆ ಗುಡಿಯೊಂದನ್ನು ಕಟ್ಟಿಸುವೆನೆಂದೂ, ಅದರ ಶಿಖರವನ್ನು ಕಾಣುವವರೆಗೆ ಅನ್ನವನ್ನು ಮುಟ್ಟೆನೆಂದೂ ರಾಣಿಯೊಬ್ಬಳು ವ್ರತ ತೊಟ್ಟಳಂತೆ, ಶಿಖರವಾಗಲು ವರ್ಷಗಳೇ ಬೇಕೆಂದು ಉಳಿದ ಶಿಲ್ಪಿಗಳೆಲ್ಲ ಕೈಚೆಲ್ಲಿರಲು ಪೈಠಣದ ಕೋಕಾಸನು ಬಂದು, ಬೆಟ್ಟದ ನೆತ್ತಿಯಿಂದಲೇ ಕಡೆಯಲು ತೊಡಗಿ, ಒಂದು ವಾರದಲ್ಲಿ ಶಿಖರವನ್ನು ತೋರಿಸಿದನಂತೆ. ವಾರದ ಲೆಕ್ಕವನ್ನು ಯಾರೂ ನಂಬಬೇಕಾಗಿಲ್ಲ. ಆದರೆ ಕೈಲಾಸವನ್ನು ಮೇಲಿನಿಂದ ಕೆಳಕ್ಕೆ ಕಡೆದರೆಂಬುದು ನಿಜ; ಆ ಕುಶಲ ರಹಸ್ಯವನ್ನು ಶತಮಾನಗಳ ಕಾಲ ಕಾಪಾಡಿದ್ದು ಒಬ್ಬ ರಾಣಿಯ ಉಪವಾಸದ ಕಥೆ. ಆದುದರಿಂದ ಜನಪದವನ್ನು ಬಣ್ಣಕ್ಕಾಗಿ ಮಾತ್ರ ಬಳಸಿ, ಒಳಗಿನ ಅರ್ಥವನ್ನು ಹುಡುಕದ ಕಥಾಕಾರನು ತನಗೆ ತಾನೇ ನಷ್ಟ ಮಾಡಿಕೊಳ್ಳುತ್ತಾನೆ.

ಆದರೂ ಸಾಹಸದ ಹೃದಯವಿರುವುದು ದೇವಗಿರಿಯಲ್ಲಿ, 1296ರಲ್ಲಿ. ಐದನೆಯ ಭಿಲ್ಲಮನು ಕಟ್ಟಿ ರಾಜಧಾನಿಯಾಗಿಸಿದ ಈ ಗಿರಿದುರ್ಗದಲ್ಲಿ ಆಗ ರಾಮಚಂದ್ರನು ಆಳುತ್ತಿದ್ದನು. ಹಿಂದಿನ ಅರಸ ಸಿಂಘಣನ ಕಾಲದಲ್ಲಿ ಸಂಗೀತರತ್ನಾಕರವನ್ನು ಬರೆದ ಶಾರ್ಙ್ಗದೇವನಿದ್ದುದೂ, ಈ ರಾಮಚಂದ್ರನ ಕಾಲದಲ್ಲಿ ಚತುರ್ವರ್ಗಚಿಂತಾಮಣಿಯ ಹೇಮಾದ್ರಿಯು ಅಧಿಕಾರಿಯಾಗಿದ್ದುದೂ ಇದೇ ಆಸ್ಥಾನ. ಕಡಾ ಪ್ರಾಂತ್ಯದ ಅಧಿಪತಿಯಾದ ಅಲಾವುದ್ದೀನನು, ದೆಹಲಿಯ ಸುಲ್ತಾನನಾದ ತನ್ನ ಚಿಕ್ಕಪ್ಪ ಜಲಾಲುದ್ದೀನನಿಗೂ ತಿಳಿಸದೆ, ಕೆಲವು ಸಾವಿರ ಕುದುರೆಯಾಳುಗಳೊಡನೆ ವಿಂಧ್ಯವನ್ನು ದಾಟಿ ಬಂದನು. ಯುವರಾಜನು ಸೈನ್ಯದೊಡನೆ ದೂರದಲ್ಲಿದ್ದನು. ದಾರಿಯ ಘಟ್ಟದಲ್ಲಿ ಕಾನ್ಹನೆಂಬ ಸಾಮಂತನೂ, ಅವನೊಡನೆ ಇಬ್ಬರು ಸ್ತ್ರೀಯರೂ ಅಡ್ಡಗಟ್ಟಿ ಕಾದಿದರೆಂದು ಇಸಾಮಿಯು ತನ್ನ ಫಾರಸಿ ಕಾವ್ಯದಲ್ಲಿ ಬರೆದಿದ್ದಾನೆ. ಈ ಇಸಾಮಿಯು ಮುಹಮ್ಮದ್ ಬಿನ್ ತುಘಲಕನು 1327ರಲ್ಲಿ ರಾಜಧಾನಿಯನ್ನು ಇಲ್ಲಿಗೆ ಎಳೆತಂದಾಗ, ದಾರಿಯಲ್ಲೇ ಪ್ರಾಣ ಬಿಟ್ಟ ವೃದ್ಧ ತಾತನೊಡನೆ ದೆಹಲಿಯಿಂದ ಹೊರಟುಬಂದ ಹುಡುಗ. ಶತ್ರುಪಕ್ಷದ ಆ ಇಬ್ಬರು ಸ್ತ್ರೀಯರ ಪರಾಕ್ರಮವನ್ನು ಆತನು ಮರೆಮಾಚದೆ ಹೊಗಳಿದನೆಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಮುಂದಿನದನ್ನು ಹೇಳಿದವನು ಫರಿಷ್ತಾ. ದುರ್ಗವು ಮುತ್ತಿಗೆಗೆ ಸಿಕ್ಕುವ ಹೊತ್ತಿಗೆ, ಕೊಂಕಣದಿಂದ ಬಂದ ವರ್ತಕರು ಬಿಟ್ಟುಹೋದ ಚೀಲಗಳನ್ನು ಧಾನ್ಯವೆಂದು ತಿಳಿದು ಒಳಕ್ಕೆ ಸಾಗಿಸಿದರೆಂದೂ, ಬಿಚ್ಚಿ ನೋಡಿದಾಗ ಅವುಗಳಲ್ಲಿದ್ದುದು ಉಪ್ಪೆಂದೂ ಆತನು ಹೇಳುತ್ತಾನೆ. ಯುವರಾಜನು ಮರಳಿ ಬಂದು ಬಯಲಿನಲ್ಲಿ ಮೇಲುಗೈ ಪಡೆದಿರಲು, ಕೋಟೆಯ ಮೇಲೆ ಕಣ್ಣಿಡಲೆಂದು ಅಲಾವುದ್ದೀನನು ಬಿಟ್ಟಿದ್ದ ನುಸ್ರತ್ ಖಾನನ ಒಂದು ಸಾವಿರ ಸವಾರರು ಎಬ್ಬಿಸಿದ ಧೂಳನ್ನು ಕಂಡು, ದೆಹಲಿಯ ದೊಡ್ಡ ದಂಡೇ ಬಂತೆಂದು ಸೇವುಣರ ಸೇನೆ ಚದರಿತಂತೆ. ಫರಿಷ್ತಾ ಇದನ್ನು ಬರೆದುದು ನಮ್ಮ ಬಿಜಾಪುರದಲ್ಲಿ, ಇಬ್ರಾಹೀಮ್ ಆದಿಲ್ ಶಾಹನ ಆಶ್ರಯದಲ್ಲಿ, ಘಟನೆಯಾಗಿ ಮುನ್ನೂರು ವರ್ಷಗಳಾದ ಮೇಲೆ. ಆದಕಾರಣ ಉಪ್ಪಿನ ಚೀಲಗಳನ್ನು ಚರಿತ್ರೆಯೆಂದು ಪ್ರಮಾಣ ಮಾಡಲಾಗದು, ಕಟ್ಟುಕಥೆಯೆಂದು ತಳ್ಳಿಹಾಕಲೂ ಮನಸ್ಸಾಗದು. ಫಲವಂತೂ ನಿಸ್ಸಂದಿಗ್ಧ: ರಾಮಚಂದ್ರನು ಕಪ್ಪ ತೆತ್ತನು, ಆ ಸಂಪತ್ತಿನ ಬಲದಿಂದ ಅಲಾವುದ್ದೀನನು ಅದೇ ವರ್ಷ ಚಿಕ್ಕಪ್ಪನನ್ನು ಕೊಲ್ಲಿಸಿ ದೆಹಲಿಯ ಗದ್ದುಗೆಯನ್ನೇರಿದನು.

ಇಂತಹ ಕಥೆಯಲ್ಲಿ ರಾಕ್ಷಸನು ಯಾತಕ್ಕೆ? ಉಗ್ರಾಣದ ಬೀಗದ ಕೈ ಹಿಡಿದ ಅಧಿಕಾರಿ, ಚೀಲಗಳನ್ನು ಬಿಟ್ಟು ಓಡುವ ವರ್ತಕ, ಧೂಳನ್ನು ಕಂಡು ಏನೆಂದು ಹೇಳಬೇಕೆಂದು ತಿಳಿಯದ ಬುರುಜಿನ ಕಾವಲುಗಾರ, ಇವರೇ ಆಡುವವರ ಪಾತ್ರಗಳಾಗಬೇಕು. ದಾಳವು ಉರುಳಬೇಕಾದುದು ಚೀಲದ ಬಾಯಿ ಬಿಚ್ಚುವ ಕ್ಷಣದಲ್ಲಿ.

ಭಯಾನಕವೇ ಬೇಕೆನ್ನುವವರಿಗೂ ಕೊರತೆಯಿಲ್ಲ. ದೇವಗಿರಿಯಲ್ಲಿ ಬೆಟ್ಟದ ಬುಡವನ್ನು ನೇರವಾಗಿ ಕೆತ್ತಿ ಗೋಡೆಯಾಗಿಸಿದ್ದಾರೆ; ಬಂಡೆಯಲ್ಲೇ ತೋಡಿದ ಕಂದಕವನ್ನು ದಾಟಿದವನು 'ಅಂಧೇರಿ' ಎಂದು ಜನ ಕರೆಯುವ ಕತ್ತಲೆಯ ಸುರಂಗದಲ್ಲಿ ತಡವರಿಸಿ ಏರಬೇಕು; ಮೇಲ್ಬಾಯಿಯಲ್ಲಿ ಬೆಂಕಿ ಹೊತ್ತಿಸಿ ಒಳಗೆ ಹೊಗೆ ತುಂಬುತ್ತಿದ್ದರೆಂದು ಅಲ್ಲಿಯವರು ಹೇಳುತ್ತಾರೆ. ಪ್ರವಾಸಿ ಇಬ್ನ್ ಬತೂತನು ಈ ದುರ್ಗದ ಕೂಪಗಳಲ್ಲಿ ಬೆಕ್ಕಿಗಿಂತಲೂ ದೊಡ್ಡ ಇಲಿಗಳಿದ್ದುವೆಂದು, ಅಲ್ಲಿ ಸೆರೆಯಿದ್ದು ಬಂದವನ ಬಾಯಿಂದಲೇ ಕೇಳಿ ಬರೆದಿಟ್ಟಿದ್ದಾನೆ. ಮಂತ್ರವಾದಿಯೂ ಸಿಗುತ್ತಾನೆ, ಕಾಲ ಮಾತ್ರ ಈಚಿನದು: ನಾಸಿಕದ ಬಳಿಯ ರಾಮಶೇಜ್ ದುರ್ಗವನ್ನು ಔರಂಗಜೇಬನ ಸೇನೆ 1680ರ ದಶಕದಲ್ಲಿ ಮುತ್ತಿದಾಗ, ಚಿನ್ನದ ಸರ್ಪವೊಂದನ್ನು ಹಿಡಿದು ಕೋಟೆಯನ್ನು ವಶಮಾಡಿಕೊಡುವೆನೆಂದು ಹೊರಟವನೊಬ್ಬನು ನಡುದಾರಿಯಲ್ಲೇ ಎದೆಗೆ ಪೆಟ್ಟು ತಿಂದು ಬಿದ್ದನೆಂದು ಇತಿಹಾಸಕಾರ ಖಾಫಿ ಖಾನನು ಬರೆಯುತ್ತಾನೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮುಂದೆ ದೌಲತಾಬಾದೆಂದು ಹೆಸರಾದ ದೇವಗಿರಿಯಲ್ಲಿ ಇಂದು ಕಾಣುವುದೆಲ್ಲ ಸೇವುಣರದಲ್ಲ. ಚಾಂದ್ ಮಿನಾರ್ ಹದಿನೈದನೆಯ ಶತಮಾನದ ಬಹಮನಿಯರದು, ಕೆಳಕೋಟೆಯ ಸುತ್ತುಗೋಡೆಗಳಲ್ಲಿ ಬಹುಪಾಲು ಮುಸಲ್ಮಾನ ಅರಸರ ಕಾಲದವು, ಕಂದಕವು 1296ರಲ್ಲಿ ಇರಲಿಲ್ಲವೆಂಬುದು ಫರಿಷ್ತಾನ ಮಾತು. ಕಾಲಗಳನ್ನು ಬೆರೆಸಿದ ಆಟದಲ್ಲಿ ಸ್ಥಳದ ಸತ್ತ್ವವೇ ಕರಗಿಹೋಗುತ್ತದೆ. ಪಕ್ಷಗಳನ್ನು ಧರ್ಮದ ಹೆಸರಿನಲ್ಲಿ ಮಾತ್ರ ವಿಂಗಡಿಸುವ ಆಟವೂ ಅಷ್ಟೇ ಸುಳ್ಳಾದುದು: ಹೊಯ್ಸಳ ಬಲ್ಲಾಳನೂ ಭಿಲ್ಲಮನೂ 1190ರ ಸುಮಾರಿಗೆ ಸೊರಟೂರಿನಲ್ಲಿ ಹೋರಾಡಿದಾಗ ಎರಡು ಪಾಳೆಯಗಳಲ್ಲಿಯೂ ಕನ್ನಡವನ್ನಾಡುವವರಿದ್ದರು, ಮುಂದೆ ಇದೇ ರಾಮಚಂದ್ರನು ದೋರಸಮುದ್ರದ ಮೇಲೆ ನಡೆದ ಅಲಾವುದ್ದೀನನ ಸೇನಾನಿ ಮಲಿಕ್ ಕಾಫೂರನ ದಂಡಿಗೆ ನೆರವಾದನು.

ಈ ಕ್ರೀಡೆಯನ್ನು ಕನ್ನಡದಲ್ಲಿ ರಚಿಸಬೇಕೆಂಬ ತರುಣರು ಯಾರಾದರೂ ಇದ್ದರೆ, ಮೊದಲು ಶ್ರೀನಿವಾಸ ರಿತ್ತಿಯವರು ಸೇವುಣರನ್ನು ಕುರಿತು ಬರೆದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1973ರಲ್ಲಿ ಪ್ರಕಟಿಸಿದ ಗ್ರಂಥವನ್ನು ಓದಲಿ. ಬಳಿಕ ಸಿನ್ನರಿನ ಗೊಂದೇಶ್ವರದಿಂದ ತೊಡಗಿ ದೇವಗಿರಿಯ ನೆತ್ತಿಯವರೆಗೆ ಹೋಗಿ ಬರಲಿ. ಘಟ್ಟದಲ್ಲಿ ಕಾದಿದ ಆ ಇಬ್ಬರು ಸ್ತ್ರೀಯರಿಗೆ ತಮ್ಮ ಆಟದಲ್ಲಿ ಹೆಸರನ್ನೂ ಊರನ್ನೂ ಮಾತನ್ನೂ ಕೊಡಲಿ ಎಂದು ನನ್ನ ಪ್ರಾರ್ಥನೆ.