ತೋಟದ ಮನೆಯ ಓದು, ಸಿರಿವಂತ ನಾಯಕನ ಪರೀಕ್ಷೆ

ದೊರೆಯಾದವನು ಬಾಲಕನೋ ಅಸ್ವಸ್ಥನೋ ಆಗಿ ತಾನೇ ಆಳಲಾರದಿದ್ದಾಗ ಅವನ ಹೆಸರಿನಲ್ಲಿ ಮತ್ತೊಬ್ಬರು ನಡೆಸುವ ಆಡಳಿತಕ್ಕೆ ಇಂಗ್ಲಿಷರು ರೀಜೆನ್ಸಿ ಎನ್ನುತ್ತಾರೆ. ಮೂರನೆಯ ಜಾರ್ಜ್ ದೊರೆಗೆ ಬುದ್ಧಿಭ್ರಮಣೆಯಾದ ಮೇಲೆ ಅವನ ಮಗ 1811ರಿಂದ 1820ರವರೆಗೆ ಹೀಗೆ ಆಳಿದ ಕಾಲವನ್ನು ಹಿನ್ನೆಲೆಯಾಗಿಸಿಕೊಂಡ ಪ್ರೇಮಕಥೆಗಳೇ ರೀಜೆನ್ಸಿ ಕಾದಂಬರಿಗಳು. ಆ ಕಾಲದಲ್ಲೇ ಬಾಳಿದ ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಅವಕ್ಕೆ ಮೂಲಮಾದರಿಯಾಯಿತು, 1935ರಲ್ಲಿ ‘ರೀಜೆನ್ಸಿ ಬಕ್’ ಬರೆದ ಜಾರ್ಜೆಟ್ ಹೇಯರ್ ಅದನ್ನೊಂದು ಪ್ರತ್ಯೇಕ ಪ್ರಕಾರವಾಗಿ ಬೆಳೆಸಿದರು. ಮೈಸೂರು ಸೀಮೆಯೂ ಸುಮಾರು ಅದೇ ಕಾಲದಲ್ಲಿ ಇಂಥ ಆಡಳಿತವನ್ನು ಕಂಡಿತ್ತು. 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರು ಐದರ ಆಸುಪಾಸಿನ ಬಾಲಕರಾಗಿದ್ದುದರಿಂದ ದಿವಾನ್ ಪೂರ್ಣಯ್ಯನವರೇ ಒಂದು ದಶಕಕ್ಕೂ ಮೀರಿ ರಾಜ್ಯಭಾರ ಹೊತ್ತರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆ ಆ ರಾಜ್ಯದ್ದೇ ಭಾಗವಾಗಿತ್ತು.

ರೀಜೆನ್ಸಿ ಕಾದಂಬರಿಯ ನಾಯಕನು ಸಾಮಾನ್ಯವಾಗಿ ಆಸ್ತಿವಂತ, ಬಿಗುಮಾನಿ, ಮಿತಭಾಷಿ. ಎಷ್ಟೋ ವೇಳೆ ಯುದ್ಧದಿಂದ ಹಿಂದಿರುಗಿದ ಸೇನಾಧಿಕಾರಿ. ಅಂಥ ಅಧಿಕಾರಿಗಳಿಗೆಲ್ಲ ಮೇಲ್ಪಂಕ್ತಿಯಾಗಿದ್ದವನು 1815ರ ವಾಟರ್‌ಲೂ ಸಮರವನ್ನು ಗೆದ್ದ ವೆಲಿಂಗ್ಟನ್, ಅಂದರೆ ಆರ್ಥರ್ ವೆಲ್ಲೆಸ್ಲಿ; ಆ ಸಮರವನ್ನು ಕುರಿತೇ ಹೇಯರ್ 1937ರಲ್ಲಿ ‘ಆ್ಯನ್ ಇನ್‌ಫೇಮಸ್ ಆರ್ಮಿ’ ಎಂಬ ಕಾದಂಬರಿ ಬರೆದರು. ಇದೇ ವೆಲ್ಲೆಸ್ಲಿ ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದ ಸೇನಾಡಳಿತ ನಡೆಸಿ, 1800ರಲ್ಲಿ ಬಂಡಾಯಗಾರ ಧೋಂಡಿಯ ವಾಘನನ್ನು ಬೆನ್ನಟ್ಟಿದಾಗ ಇಂಗ್ಲಿಷ್ ದಂಡಿನ ಭಾರವನ್ನು ಎಳೆದದ್ದು ಮೈಸೂರಿನ ಅಮೃತಮಹಲ್ ಎತ್ತುಗಳು. ಆ ತಳಿಗೆಂದು ಮೀಸಲಾದ ಹುಲ್ಲುಗಾವಲುಗಳನ್ನು, ಅಂದರೆ ಕಾವಲುಗಳನ್ನು, ತೆಂಗಿನ ಸೀಮೆಯ ಜನ ಬಲ್ಲರು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಆ ತಳಿಯ ಸಂವರ್ಧನೆಯ ಕೇಂದ್ರವೂ ಇದೆ. ಶ್ರೀರಂಗಪಟ್ಟಣದ ಲೂಟಿಯಲ್ಲಿ ಇಂಗ್ಲಿಷ್ ಅಧಿಕಾರಿಗಳಿಗೆ ದೊಡ್ಡ ಪಾಲುಗಳು ಸಂದಿದ್ದವು. ಕಥೆಯ ನಾಯಕನ ಸಿರಿ ಎಲ್ಲಿಂದ ಬಂತೆಂಬ ಪ್ರಶ್ನೆಯನ್ನು ಇಂಥ ಕಾದಂಬರಿಗಳು ಕೇಳಿದ್ದು ಅಪರೂಪ. ಈ ನೆಲದ ಓದುಗರು ಅದನ್ನು ಕೇಳಿಕೊಳ್ಳುವುದು ನ್ಯಾಯವೇ ಆಗಿದೆ.

ಆ ಕಾಲದ ಸಾಹಿತ್ಯ ಕನ್ನಡಕ್ಕೆ ಬಂದದ್ದು ಬಳಸುದಾರಿಯಲ್ಲಿ. 1814ರಿಂದ ಐತಿಹಾಸಿಕ ಪ್ರಣಯಕಥೆಗಳನ್ನು ಪ್ರಕಟಿಸಿದ ವಾಲ್ಟರ್ ಸ್ಕಾಟನ ಛಾಯೆಯನ್ನು ವಿಮರ್ಶಕರು ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯಲ್ಲಿ ಗುರುತಿಸಿದ್ದಾರೆ, ಅದನ್ನು ಬಿ. ವೆಂಕಟಾಚಾರ್ಯರು ಹತ್ತೊಂಬತ್ತನೆಯ ಶತಮಾನದಲ್ಲೇ ಕನ್ನಡಕ್ಕೆ ತಂದರು. ರೀಜೆನ್ಸಿಯ ವರ್ಷಗಳಲ್ಲೇ ಬರೆಯುತ್ತಿದ್ದ ಷೆಲ್ಲಿ, ವರ್ಡ್ಸ್‌ವರ್ತರ ಕಾವ್ಯ ಕನ್ನಡದಲ್ಲಿ ನೆಲೆನಿಂತದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಮೂಲಕ. ಆಸ್ಟೆನ್‌ಳ ಕಾದಂಬರಿಯನ್ನು ದೇಜಗೌ ಅವರು ‘ಹಮ್ಮು ಬಿಮ್ಮು’ ಎಂದು ಅನುವಾದಿಸಿದರು.

ಆ ಕಾದಂಬರಿಯ ಲೋಕ ತೆಂಗಿನ ಸೀಮೆಯವರಿಗೆ ಪರಕೀಯವೆನಿಸಬೇಕಾಗಿಲ್ಲ. ಬೆನೆಟ್ ದಂಪತಿಗಳಿಗೆ ಐವರು ಹೆಣ್ಣುಮಕ್ಕಳು. ಅವರ ಜಮೀನು ಎನ್‌ಟೇಲ್ ಎಂಬ ಕಟ್ಟುಪಾಡಿಗೆ, ಎಂದರೆ ಗಂಡುಸಂತತಿಗೆ ಮಾತ್ರ ಆಸ್ತಿ ಸಲ್ಲಬೇಕೆಂಬ ನಿಬಂಧನೆಗೆ ಒಳಪಟ್ಟದ್ದು. ತಂದೆ ತೀರಿಕೊಂಡರೆ ಮನೆ ದೂರದ ದಾಯಾದಿಯ ಪಾಲಾಗುತ್ತದೆ. ಹೀಗಾಗಿ ಊರಿಗೆ ಬಂದ ಕಥಾನಾಯಕ ಡಾರ್ಸಿಗೆ ವರ್ಷಕ್ಕೆ 10,000 ಪೌಂಡ್ ವರಮಾನವಿದೆಯೆಂಬ ಸುದ್ದಿ ಅವನು ನೃತ್ಯಕೂಟಕ್ಕೆ ಕಾಲಿಟ್ಟ ಕೆಲವೇ ನಿಮಿಷಗಳಲ್ಲಿ ಎಲ್ಲರ ಕಿವಿಗೆ ಬೀಳುತ್ತದೆ. ತೆಂಗಿನ ಸೀಮೆಯಲ್ಲಿಯೂ ಸಂಬಂಧ ಕುದುರಿಸುವ ಮಾತಿನಲ್ಲಿ ಎಷ್ಟು ಮರದ ತೋಟ, ಅಣ್ಣತಮ್ಮಂದಿರೆಷ್ಟು, ಪಾಲಾಗಿದೆಯೇ ಎಂಬ ವಿಚಾರಣೆ ಮೊದಲು ಬರುವಂಥದು. ಇಲ್ಲಿನ ಆದಾಯದ ಬಗೆಯೂ ಸಂಸಾರವನ್ನು ಆಸ್ತಿಗೆ ಬಿಗಿಯಾಗಿ ಕಟ್ಟಿಹಾಕುತ್ತದೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ, ಒಳಗಿನ ನೀರೆಲ್ಲ ಇಂಗಿ ಗಿಟುಕು ಚಿಪ್ಪನ್ನು ಬಿಟ್ಟು ಗಲಗಲ ಎನ್ನುವವರೆಗೆ ಎಂಟು ತಿಂಗಳಿಂದ ವರ್ಷದವರೆಗೂ ಕಾದು, ಆಮೇಲೆ ಸುಲಿದು ಒಡೆದು ತೆಗೆದ ಉಂಡೆ ಕೊಬ್ಬರಿ ತಿಪಟೂರಿನ ಹರಾಜಿಗೆ ಹೋಗಬೇಕು. ಅಷ್ಟು ನಿಧಾನವಾಗಿ ಕೈಸೇರುವ ಹಣವನ್ನು ನೆಚ್ಚಿ ಮದುವೆ ಗೊತ್ತುಮಾಡುವ ಮನೆಯಲ್ಲಿ ಅಟ್ಟದ ಮೇಲಿನ ರಾಶಿಯೂ ಮಾತುಕತೆಯ ಭಾಗವೇ. ಕಾಯಿ ಹೆಕ್ಕುವುದು, ಒಪ್ಪಮಾಡುವುದು ಇತ್ಯಾದಿ ದುಡಿಮೆಯಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದಾದರೂ ತೋಟದಲ್ಲಿ ಅವರಿಗೆ ಪಾಲಿರಲಿಲ್ಲ. 1933ರ ಮೈಸೂರು ಕಾಯ್ದೆಯೊಂದು ವಿಭಾಗದ ಸಂದರ್ಭದಲ್ಲಿ ವಿಧವೆ, ತಾಯಿ, ಮದುವೆಯಾಗದ ಮಗಳು ಮುಂತಾದವರಿಗೆ ಮಿತವಾದ ಹಕ್ಕು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಸಮನಾದ ಹಕ್ಕು ಕರ್ನಾಟಕದ ಹೆಣ್ಣುಮಕ್ಕಳಿಗೆ ದೊರೆತದ್ದು 1994ರಲ್ಲಿ, ಅದೂ ಆ ವೇಳೆಗಾಗಲೇ ಮದುವೆಯಾಗಿದ್ದವರನ್ನು ಬಿಟ್ಟು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು.

ಕನ್ನಡದಲ್ಲಿ ಪ್ರೇಮಕಾದಂಬರಿಯ ಸುಗ್ಗಿ ಬಂದದ್ದು ಈ ಹಕ್ಕು ಬರುವುದಕ್ಕೆ ಮುಂಚಿನ ದಶಕಗಳಲ್ಲಿ. ‘ಪ್ರಜಾಮತ’ದಂಥ ವಾರಪತ್ರಿಕೆಗಳೂ 1965ರಲ್ಲಿ ಆರಂಭವಾದ ‘ಸುಧಾ’ವೂ ಧಾರಾವಾಹಿಗಳನ್ನು ಊರೂರಿಗೆ ತಲಪಿಸಿದವು. ಅವುಗಳ ನಾಯಕರು ವೈದ್ಯರೋ ಉಪನ್ಯಾಸಕರೋ ಕಾಫಿ ಎಸ್ಟೇಟಿನ ಒಡೆಯರೋ ಆಗಿರುತ್ತಿದ್ದರೇ ಹೊರತು ಡ್ಯೂಕರಾಗಿರಲಿಲ್ಲ. ಆದರೂ ಒಳಗಿನ ಕಟ್ಟು ಒಂದೇ. ವಾಣಿಯವರ ‘ಎರಡು ಕನಸು’ ಕಾದಂಬರಿಯ ನಾಯಕ ಕೈತಪ್ಪಿದ ಪ್ರೀತಿಯ ನೆನಪಿನಲ್ಲಿ ಹೆಂಡತಿಯನ್ನು ದೂರವಿಟ್ಟು, ಅವಳ ಬೆಲೆಯನ್ನು ತಡವಾಗಿ ಅರಿಯುತ್ತಾನೆ; 1974ರಲ್ಲಿ ಅದು ಚಲನಚಿತ್ರವಾಗಿ ಇನ್ನೂ ಹೆಚ್ಚಿನ ಜನರನ್ನು ಮುಟ್ಟಿತು. ತ್ರಿವೇಣಿಯವರ ‘ಬೆಳ್ಳಿಮೋಡ’ ಇನ್ನೂ ಮುಂದೆ ಹೋಗುತ್ತದೆ. ಎಸ್ಟೇಟಿನ ಒಬ್ಬಳೇ ವಾರಸುದಾರಳಾದ ಇಂದಿರೆಯನ್ನು ಮದುವೆಯಾಗುವೆನೆಂದು ಅವಳ ತಂದೆಯ ಹಣದಲ್ಲಿ ವಿದೇಶಕ್ಕೆ ಹೋಗಿ ಓದಿದ ಮೋಹನ, ಅಷ್ಟರಲ್ಲಿ ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈಬಿಟ್ಟಿತೆಂದು ತಿಳಿದಾಗ ಹಿಂದೆಗೆಯುತ್ತಾನೆ. ಪಶ್ಚಾತ್ತಾಪದಿಂದ ಮರಳಿ ಕೇಳಿದಾಗ ಇಂದಿರೆ ಒಪ್ಪುವುದಿಲ್ಲ. ಪುಟ್ಟಣ್ಣ ಕಣಗಾಲರು 1967ರಲ್ಲಿ ಇದನ್ನು ತೆರೆಗೆ ತಂದರು. ಗಂಡುಮಗು ಹುಟ್ಟಿದ ಗಳಿಗೆಯಲ್ಲೇ ಹೆಣ್ಣಿನ ಮೌಲ್ಯ ಕುಸಿಯುವ ಈ ಕಥೆ ಆಸ್ಟೆನ್‌ಳ ಎನ್‌ಟೇಲಿನಷ್ಟೇ ನಿಷ್ಠುರವಾದದ್ದು. ನಾಯಕನನ್ನು ಕ್ಷಮಿಸದೆ ಮುಗಿಯುವ ಧೈರ್ಯದಲ್ಲಿ ಅದು ರೀಜೆನ್ಸಿ ಪ್ರಕಾರದ ಬಹುಪಾಲು ಕೃತಿಗಳಿಗಿಂತ ಮೇಲು.

ಭಾರತೀಯ ಅಲಂಕಾರಶಾಸ್ತ್ರ ನಾಯಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು: ಗಂಭೀರನೂ ಉದಾರನೂ ಆದ ಧೀರೋದಾತ್ತ, ಕಲಾಪ್ರಿಯನಾದ ಧೀರಲಲಿತ, ಶಾಂತಸ್ವಭಾವದ ಧೀರಶಾಂತ, ಅಹಂಕಾರಿಯಾದ ಧೀರೋದ್ಧತ. ಆ ಶಾಸ್ತ್ರಪರಂಪರೆಯನ್ನು ಕನ್ನಡಿಗರಿಗೆ ತಿಳಿಯಾಗಿ ವಿವರಿಸಿದ ‘ಭಾರತೀಯ ಕಾವ್ಯಮೀಮಾಂಸೆ’ಯ ಕರ್ತೃ ತೀ.ನಂ.ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಈ ವಿಂಗಡಣೆಯಲ್ಲಿ ನಾಯಕನು ಆರಂಭದಲ್ಲಿ ಯಾವ ಬಗೆಯೋ ಕೊನೆಗೂ ಅದೇ ಬಗೆ. ಡಾರ್ಸಿಯಂಥವನು ಉದ್ಧತನಾಗಿ ಬಂದು ಉದಾತ್ತನಾಗಬೇಕು, ಆ ಪಲ್ಲಟಕ್ಕೆ ಹೆಣ್ಣಿನ ನಿರಾಕರಣೆಯೇ ಕಾರಣವಾಗಬೇಕು. ಬೆನೆಟ್ ಮನೆಯ ಮಗಳು ಎಲಿಜಬೆತ್ ಮದುವೆಗಾಗಿ ಅವನಿಟ್ಟ ಮೊದಲ ಕೋರಿಕೆಯನ್ನು ತಳ್ಳಿಹಾಕದಿದ್ದರೆ ಅವನು ಹಣವಂತನಾಗಿಯೇ ಉಳಿಯುತ್ತಿದ್ದ, ನಾಯಕನಾಗುತ್ತಿರಲಿಲ್ಲ. ಇನ್ನೂರು ವರ್ಷ ಕಳೆದರೂ ಈ ಪಾತ್ರದ ಆಕರ್ಷಣೆ ಮಾಸದಿರುವುದಕ್ಕೆ ಕುದುರೆಗಾಡಿ, ನೃತ್ಯಕೂಟಗಳ ಬೆಡಗಿಗಿಂತ ಇದೇ ಬಲವಾದ ಕಾರಣ.

ಎಲಿಜಬೆತ್‌ಳ ಮನಸ್ಸು ತಿರುಗುವ ಪ್ರಸಂಗವನ್ನು ತೆಂಗಿನ ಸೀಮೆಯವರು ವಿಶೇಷ ಗಮನವಿಟ್ಟು ಓದಬಹುದು. ಅವಳು ಸೋದರಮಾವನ ಜೊತೆ ಡಾರ್ಸಿಯ ಪೆಂಬರ್ಲಿ ಮನೆಗೆ ಹೋಗುತ್ತಾಳೆ. ಅಲ್ಲಿನ ತೋಪು, ನೀರು, ಒಪ್ಪವಾಗಿಟ್ಟ ಕೋಣೆಗಳನ್ನು ನೋಡುತ್ತಾಳೆ. ಅವನನ್ನು ಬಾಲ್ಯದಿಂದ ಬಲ್ಲ ಮನೆವಾರ್ತೆಯ ಹೆಂಗಸು ಅವನ ಒಳ್ಳೆಯತನವನ್ನು ಹೇಳುವುದನ್ನು ಕೇಳುತ್ತಾಳೆ. ಸಂಬಂಧ ಬೆಳೆಸುವ ಮುನ್ನ ಗಂಡಿನ ಮನೆ ನೋಡಲು ಹೋಗುವುದು ಇಲ್ಲಿಯೂ ಹಳೆಯ ಪದ್ಧತಿ: ತೋಟದಲ್ಲಿ ಒಂದು ಸುತ್ತು ಹಾಕಿ, ಬಾವಿಯ ನೀರು ನೋಡಿ, ಆಳುಕಾಳುಗಳನ್ನು ಮಾತಾಡಿಸಿ, ನೆರೆಹೊರೆಯಲ್ಲಿ ವಿಚಾರಿಸಿ ಬರುತ್ತಾರೆ. ಹಾಗೆ ಹೋಗುತ್ತಿದ್ದವರು ತಂದೆ, ದೊಡ್ಡಪ್ಪ, ಸೋದರಮಾವಂದಿರು. ಆ ಮನೆಯಲ್ಲಿ ಬಾಳಬೇಕಾದ ಹುಡುಗಿ ಊರಲ್ಲೇ ಉಳಿದು ಅವರು ತಂದ ವರದಿಯನ್ನು ನಂಬಬೇಕಾಗಿತ್ತು. ಆಸ್ಟೆನ್ ಹುಡುಗಿಯನ್ನೇ ಕಳಿಸಿದಳು, ತೀರ್ಪನ್ನೂ ಅವಳಿಗೇ ಬಿಟ್ಟಳು.